ಹಳೆಯ ಕಾರಿನ ಹವ್ಯಾಸವೂ ಆರ್‌ಸಿಯಲ್ಲಿರುವ ಹೆಸರೂ

ಹಳೆಯ ಕಾರೊಂದನ್ನು ಕೊಂಡು, ರಜೆಯ ದಿನಗಳಲ್ಲಿ ರಿಪೇರಿ ಮಾಡಿ, ಮತ್ತೆ ಮಾರುವ ಹವ್ಯಾಸ ದಾವಣಗೆರೆಯಲ್ಲಿ ನನ್ನೊಬ್ಬನದೇ ಅಲ್ಲ. ವಾರವಿಡೀ ಬ್ಯಾಂಕಿನಲ್ಲೋ ಕಾಲೇಜಿನಲ್ಲೋ ದುಡಿದು, ಭಾನುವಾರ ಬಂತೆಂದರೆ ಕೈಗೆ ಗ್ರೀಸ್ ಮೆತ್ತಿಕೊಂಡು ಕೂರುವವರು ನಮ್ಮ ಬಡಾವಣೆಯಲ್ಲೇ ಇದ್ದಾರೆ. ಈ ಹವ್ಯಾಸವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಕೊಂಡ ಕಾರನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳದೆ, ಹಳೆಯ ಮಾಲೀಕರ ಸಹಿ ಇರುವ ಖಾಲಿ ವರ್ಗಾವಣೆ ಫಾರಂಗಳನ್ನೇ ಮುಂದಿನವರ ಕೈಗಿತ್ತು ದಾಟಿಸಿಬಿಡುವ ಪದ್ಧತಿಯನ್ನು ಮಾತ್ರ ಒಪ್ಪಲಾರೆ.

ಮೊದಲು ಕಾರಿನ ಮಾತು. ಹೊಸದಾಗಿ ಕೈಹಾಕುವವರಿಗೆ ಮಾರುತಿಯ 796 ಸಿಸಿ, ಮೂರು ಸಿಲಿಂಡರಿನ ಎಂಜಿನ್ ಇರುವ ಕಾರುಗಳೇ ಒಳ್ಳೆಯವು. 1983ರಲ್ಲಿ ಬಂದ ಮಾರುತಿ 800 ತಯಾರಿಕೆ 2014ರಲ್ಲಿ ನಿಂತಿತಾದರೂ, ಅಷ್ಟೇ ಸಿಸಿಯ ಎಂಜಿನ್ ಆಲ್ಟೋದಲ್ಲೂ ಇದ್ದುದರಿಂದ ಬಿಡಿಭಾಗಗಳು ತಾಲ್ಲೂಕು ಕೇಂದ್ರಗಳಲ್ಲೂ ಸಿಗುತ್ತವೆ, ಕೆಲಸ ಬಲ್ಲ ಮೆಕ್ಯಾನಿಕ್‌ಗಳೂ ಸಿಗುತ್ತಾರೆ. ಈ ಎಂಜಿನ್ನಿಗೆ ಇರುವುದು ಟೈಮಿಂಗ್ ಬೆಲ್ಟ್ (ಎಂಜಿನ್ನಿನ ಒಳಭಾಗಗಳನ್ನು ತಾಳಮೇಳದಲ್ಲಿ ತಿರುಗಿಸುವ ಪಟ್ಟಿ), ಚೈನ್ ಅಲ್ಲ. ಅದನ್ನು ಯಾವಾಗ ಬದಲಿಸಿದ್ದಾರೆಂಬ ದಾಖಲೆ ಸಿಗದಿದ್ದರೆ ಮರುಯೋಚನೆಯಿಲ್ಲದೆ ಹೊಸದು ಹಾಕಿಸಬೇಕು.

ನಮ್ಮ ಕಡೆಯ ಕಾರುಗಳಿಗೆ ತಗಲುವ ದೊಡ್ಡ ರೋಗ ನೀರಿನದು. ಚಿತ್ರದುರ್ಗ, ಜಗಳೂರು ಕಡೆಯ ಬೋರ್‌ವೆಲ್ ನೀರು ಎಷ್ಟು ಗಡುಸು ಎಂಬುದು ಆ ಊರುಗಳ ಬಿಂದಿಗೆಗಳ ಒಳಮೈ ನೋಡಿದವರಿಗೆಲ್ಲ ಗೊತ್ತು. ಕೂಲಂಟ್ ಕಡಿಮೆಯಾದಾಗಲೆಲ್ಲ ಅದೇ ನೀರನ್ನು ರೇಡಿಯೇಟರಿಗೆ ಸುರಿಯುತ್ತಾ ಬಂದರೆ ಒಳಗೆ ಸುಣ್ಣ ಕಟ್ಟುತ್ತದೆ, ತುಕ್ಕು ಹಿಡಿಯುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಹೆದ್ದಾರಿಗೆ ಇಳಿಸಿದ ದಿನ ಎಂಜಿನ್ ಕಾದು ಅದರ ಮೇಲ್ಭಾಗದ ಸೀಲ್, ಅಂದರೆ ಹೆಡ್ ಗ್ಯಾಸ್ಕೆಟ್, ಹೋಗುತ್ತದೆ. ಆದ್ದರಿಂದ ಕಾರು ನೋಡಲು ಹೋಗುವವರು ಎಂಜಿನ್ ತಣ್ಣಗಿರುವಾಗಲೇ ಹೋಗಬೇಕು. ರೇಡಿಯೇಟರ್ ಮುಚ್ಚಳ ತೆಗೆದಾಗ ಕೆಂಪು ನೀರು ಕಂಡರೆ, ಆಯಿಲ್ ಮುಚ್ಚಳದ ಒಳಬದಿಯಲ್ಲಿ ಮಜ್ಜಿಗೆಯಂಥ ಬಿಳಿ ಲೇಪ ಕಂಡರೆ, ಬೆಲೆ ಎಷ್ಟೇ ಅಗ್ಗವಿರಲಿ, ಎಂಜಿನ್ ಬಿಚ್ಚುವ ಖರ್ಚನ್ನು ಲೆಕ್ಕಕ್ಕೆ ಸೇರಿಸದೆ ಮಾತು ಮುಂದುವರಿಸಬಾರದು. (ನೀವು ಹೋಗುವ ಮೊದಲೇ ಎಂಜಿನ್ ಬಿಸಿಯಾಗಿದ್ದರೆ, ಏಕೆ ಬಿಸಿಯಾಗಿದೆಯೆಂದು ಯೋಚಿಸಿ.) ಬಾಡಿಯ ಮೇಲೆ ಆಯಸ್ಕಾಂತ ಹಿಡಿದು ನೋಡುವುದೂ ಒಳ್ಳೆಯದು; ಪುಟ್ಟಿ ದಪ್ಪಗೆ ಮೆತ್ತಿದ ಕಡೆ ಅದು ಅಂಟುವುದಿಲ್ಲ. ಬಣ್ಣಕ್ಕೆ ಖರ್ಚು ಮಾಡುವ ಹಣವನ್ನು ಟೈರು, ಬ್ರೇಕು, ಸಸ್ಪೆನ್ಷನ್ ಬುಷ್‌ಗಳಿಗೆ ಹಾಕಿದರೆ ಕೊಳ್ಳುವವರ ಜೀವಕ್ಕೆ ಹೆಚ್ಚು ಉಪಯೋಗ. ಮಾರುವಾಗ ಬಣ್ಣಕ್ಕೇ ಹೆಚ್ಚು ಬೆಲೆ ಸಿಗುತ್ತದೆಂಬುದು ನಿಜ, ಆದರೂ.

ಇನ್ನು ಆರ್‌ಸಿಯ, ಅಂದರೆ ವಾಹನದ ನೋಂದಣಿ ಪತ್ರದ, ವಿಷಯ. ಮೋಟಾರು ವಾಹನ ಕಾಯ್ದೆ, 1988ರ 50ನೇ ಕಲಮಿನ ಪ್ರಕಾರ ರಾಜ್ಯದೊಳಗೆ ಕಾರು ಮಾರಿದವರು 14 ದಿನಗಳಲ್ಲಿ, ಕೊಂಡವರು 30 ದಿನಗಳಲ್ಲಿ ಆರ್‌ಟಿಓಗೆ ತಿಳಿಸಬೇಕು. ಫಾರಂ 29 ಮತ್ತು 30 ಇರುವುದು ಇದಕ್ಕಾಗಿಯೇ. ಆದರೆ ವ್ಯವಹಾರದಲ್ಲಿ ನಡೆಯುವುದು ಬೇರೆ. ಹೊನ್ನಾಳಿಯ ನಿವೃತ್ತ ಮೇಷ್ಟ್ರೊಬ್ಬರು ಸಹಿ ಹಾಕಿ ಕೊಟ್ಟ ಫಾರಂಗಳು ಬ್ರೋಕರ್ ಕೈಯಿಂದ ಹವ್ಯಾಸಿಯ ಕೈಗೆ, ಅಲ್ಲಿಂದ ಮತ್ತೊಬ್ಬರ ಕೈಗೆ ಹೋಗುತ್ತಲೇ ಇರುತ್ತವೆ ಎಂದಿಟ್ಟುಕೊಳ್ಳಿ. ಕಾರು ಎಲ್ಲಿದೆ, ಯಾರು ಓಡಿಸುತ್ತಿದ್ದಾರೆ ಎಂಬುದು ಆ ಮೇಷ್ಟ್ರಿಗೆ ಗೊತ್ತೇ ಇರುವುದಿಲ್ಲ. ಹೀಗೆಯೇ ಹಲವು ಕೈ ಬದಲಾದ ಕಾರೊಂದು ಅಪಘಾತ ಮಾಡಿದ ಪ್ರಕರಣದಲ್ಲಿ, ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದೇ ಎಂದು ಸುಪ್ರೀಂ ಕೋರ್ಟ್ 2018ರ ಫೆಬ್ರುವರಿಯಲ್ಲಿ ತೀರ್ಪು ನೀಡಿತು. ವಿಮೆ ಚಾಲ್ತಿಯಲ್ಲಿಲ್ಲದಿದ್ದರೆ, ಎಂದೋ ಮಾರಿದ ಕಾರಿಗಾಗಿ ಆ ಮೇಷ್ಟ್ರು ಕೋರ್ಟಿನ ಮೆಟ್ಟಿಲು ಹತ್ತಬೇಕಾಗುತ್ತದೆ.

ನನ್ನ ಗೆಳೆಯರು ಇದಕ್ಕೆ ಹೇಳುವ ಉತ್ತರ ಹಣದ್ದು. ನಮ್ಮ ಹೆಸರಿಗೆ ಮಾಡಿಸಿದರೆ ಎರಡನೆಯ ಮಾಲೀಕರಿಗೆ ಹೋಗಬೇಕಾದ ಕಾರು ಮೂರನೆಯವರಿಗೆ ಹೋದಂತಾಗುತ್ತದೆ, ಬೆಲೆ ಇಳಿಯುತ್ತದೆ, ಆರ್‌ಟಿಓ ಓಡಾಟವೂ ಎರಡು ಸಲ ಆಗುತ್ತದೆ. ಈ ಮಾತು ಸುಳ್ಳಲ್ಲ. ಆದರೆ ಅದು ಹವ್ಯಾಸದ ಖರ್ಚು. ನಮ್ಮ ಖುಷಿಯ ಖರ್ಚನ್ನು ಮಾರಿದವರ ತಲೆಗೆ ಕಟ್ಟುವುದು ನ್ಯಾಯವಲ್ಲ. 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ನಿಯಮಗಳಲ್ಲಿ, ನೋಂದಾಯಿತ ವಾಹನಗಳ ಡೀಲರ್ ಎಂದು ಅಧಿಕಾರಪತ್ರ ಪಡೆದವರಿಗೆ ಒಂದು ಅನುಕೂಲವಿದೆ: ಕಾರು ತಮ್ಮ ವಶಕ್ಕೆ ಬಂದುದನ್ನು ಪೋರ್ಟಲ್‌ನಲ್ಲಿ ತಿಳಿಸಿದರೆ, ಮಾರುವವರೆಗೆ ಅವರನ್ನೇ ಮಾಲೀಕರೆಂದು ಪರಿಗಣಿಸಲಾಗುತ್ತದೆ. ಒಂದರ ಹಿಂದೊಂದು ಕಾರು ತಂದು ಮಾರುತ್ತಿರುವವರು ಹವ್ಯಾಸ ಎಂಬ ಹೆಸರು ಬಿಟ್ಟು ಆ ಅಧಿಕಾರಪತ್ರ ಪಡೆಯಲಿ. ಅಪರೂಪಕ್ಕೊಂದು ಕಾರು ಹಿಡಿಯುವ ನಮ್ಮಂಥವರಿಗೆ ಆರ್‌ಸಿ ಬದಲಿಸುವುದೊಂದೇ ದಾರಿ.

ವಿಮೆಯಲ್ಲೂ ಇದೇ ಗೊಂದಲ. ಪಾಲಿಸಿ ಹಳೆಯವರ ಹೆಸರಿನಲ್ಲೇ ಇದ್ದರೆ, ಸ್ವಂತ ಕಾರಿನ ಹಾನಿಗೆ ಹಣ ಕೇಳುವಾಗ ಕೊಂಡವರು ಪೇಚಿಗೆ ಸಿಲುಕುತ್ತಾರೆ. ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದವರಿಗೆ ವಿಮೆ ಕಂತಿನಲ್ಲಿ ಸಿಗುವ ರಿಯಾಯಿತಿ) ಕೂಡ ಕಾರಿನದಲ್ಲ, ಮಾಲೀಕರದು. ಅದನ್ನು ಕಾರಿನ ಜೊತೆಗೇ ಬರುತ್ತದೆಂದು ಹೇಳಿ ಮಾರುವವರನ್ನು ಪಿ.ಬಿ. ರಸ್ತೆಯಲ್ಲೇ ಕಂಡಿದ್ದೇನೆ.

ನನ್ನ ಕ್ರಮ ಹೀಗಿದೆ. ಅಡ್ವಾನ್ಸ್ ಕೊಡುವ ಮೊದಲು ಸರ್ಕಾರದ ವಾಹನ ದಾಖಲೆಗಳ ಪರಿವಾಹನ್ ಜಾಲತಾಣದಲ್ಲಿ ನಂಬರ್ ಹಾಕಿ ಫೈನಾನ್ಸ್, ವಿಮೆ, ಬಾಕಿ ದಂಡಗಳನ್ನು ನೋಡುತ್ತೇನೆ. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿದ್ದರೆ ಅದನ್ನು ತೆಗೆಸಿಕೊಡುವಂತೆ ಮಾರುವವರನ್ನೇ ಕೇಳುತ್ತೇನೆ. ಮಾರುವಾಗ ಬದಲಿಸಿದ ಭಾಗಗಳ ಬಿಲ್ಲುಗಳ ಜೊತೆಗೆ, ಬದಲಿಸದೆ ಬಿಟ್ಟವುಗಳ ಪಟ್ಟಿಯನ್ನೂ ಬರೆದುಕೊಡುತ್ತೇನೆ. ಆ ಪಟ್ಟಿ ನೋಡಿ ಚೌಕಾಸಿ ಮಾಡುವವರಿದ್ದಾರೆ, ಮಾಡಲಿ. ಈಗ ಮನೆಯ ಮುಂದೆ ನಿಂತಿರುವ ವ್ಯಾಗನ್ ಆರ್‌ನ ಕೆಲಸವೆಲ್ಲ ಮುಗಿದಿದ್ದರೂ ಅದರ ಆರ್‌ಸಿ ಇನ್ನೂ ನನ್ನ ಹೆಸರಿಗೆ ಬಂದಿಲ್ಲ. ಹಾಗಾಗಿ ಇನ್‌ಬಾಕ್ಸಿನಲ್ಲಿ ಬೆಲೆ ಕೇಳುತ್ತಿರುವವರು ದಯವಿಟ್ಟು ಸ್ವಲ್ಪ ಕಾಯಬೇಕು.