ಸುಣ್ಣ ಬಳಿದ ಶೂರ
ಕುಮಾರಪರ್ವತ ಹತ್ತುವಾಗ ನಿಮ್ಮ ಗೆಳೆಯರೆಲ್ಲ ದಾರಿ ನಡುವಿನ ಗಿರಿಗದ್ದೆಯ ಭಟ್ಟರ ಮನೆ ಊಟವನ್ನೇ ನೆನೆಯುತ್ತ ನಡೆದರು ಅಂತ ಬರೆದಿದ್ದೀರಲ್ಲ, ನೂರಕ್ಕೆ ನೂರು ನಿಜ. ನಾವು ಹೋದಾಗಲೂ ಅಷ್ಟೇ, ಬೆಟ್ಟ 1712 ಮೀಟರ್ ಎತ್ತರ ಅಂತ ಬಸ್ಸಿನಲ್ಲಿ ನಮಗೆಲ್ಲ ಪಾಠ ಮಾಡಿದವನೇ ಅಲ್ಲಿ ಅನ್ನ ಸಾಂಬಾರ್ ಉಂಡು, ಕಾಲು ಚಾಚಿ, ‘ನೀವು ಹೋಗ್ಬನ್ನಿ, ನಾನು ಬ್ಯಾಗ್ ಕಾಯ್ತೀನಿ’ ಅಂದ. ಪುಣ್ಯಾತ್ಮ!

ಉಂಬಳದ, ಅಂದ್ರೆ ರಕ್ತ ಹೀರೋ ಜಿಗಣೆಯ, ವಿಷಯ ಮಾತ್ರ ನೀವು ಬಿಟ್ಟೇಬಿಟ್ಟಿದ್ದೀರಿ. ಮಳೆ ನಿಂತ ಹೊಸದರಲ್ಲಿ ಅವುಗಳದ್ದೇ ರಾಜ್ಯ ಅಲ್ವಾ? ನಮ್ಮವನೊಬ್ಬ ಮೊಣಕಾಲ ತನಕ ಹೊಗೆಸೊಪ್ಪು, ಸುಣ್ಣ ಬಳಿದುಕೊಂಡು ಎಲ್ಲರಿಗಿಂತ ಮುಂದೆ ನಡೆದ. ಉಂಬಳ ಹತ್ತಿದ್ದು ಕಿವಿಯ ಹಿಂದೆ! ತುದಿಗೆ ಮೊದಲು ಸಿಗೋ ಶೇಷಪರ್ವತದಲ್ಲಿ ಅವನು ಕುಣಿದ ಕುಣಿತ ಯಕ್ಷಗಾನ ಮೇಳದವರ ಕಣ್ಣಿಗೆ ಬಿದ್ದಿದ್ದರೆ ಅಲ್ಲೇ ಗೆಜ್ಜೆ ಕಟ್ಟಿಸುತ್ತಿದ್ದರು.

ಮುಂದಿನ ಸಲ ಸೋಮವಾರಪೇಟೆ ಕಡೆಯ ಬೀದಳ್ಳಿಯಿಂದ ಹತ್ತಿ ನೋಡಿ. ದಾರಿ ಕಡಿಮೆ, ಗೊಣಗಾಟವೂ ಸ್ವಲ್ಪ ಕಡಿಮೆ. ಉಂಬಳಕ್ಕೆ ಉಪ್ಪು ಮರೀಬೇಡಿ.