ಸತ್ಯಾಂಶ: ನಾಲಿಗೆ ಕೆಳಗಿನ ಮಾತ್ರೆ ಇನ್ನೊಂದು ಚಟವೇ?

"ಹೆರಾಯಿನ್ ಬಿಡಿಸೋಕೆ ಕೊಡುವ ಬ್ಯುಪ್ರೆನಾರ್ಫಿನ್ ಕೂಡ ನಶೆಯೇ, ಮೂರು ವಾರದಲ್ಲಿ ನಿಲ್ಲಿಸಿಬಿಡಿ" ಅನ್ನುವ ಫಾರ್ವರ್ಡ್ ತಪ್ಪು. ಈ ಮಾತ್ರೆ ನುಂಗುವುದಲ್ಲ, ನಾಲಿಗೆ ಕೆಳಗಿಟ್ಟು ಕರಗಿಸುವುದು, ಐದ್ಹತ್ತು ನಿಮಿಷ ಮಾತೂ ಬಂದ್. ಮೆದುಳಿನಲ್ಲಿ ಹೆರಾಯಿನ್ ಕೂರುವ ಜಾಗದಲ್ಲೇ ಇದು ಗಟ್ಟಿಯಾಗಿ ಕೂರುತ್ತದೆ, ಆದರೆ ಅರ್ಧ ಕೆಲಸ ಮಾತ್ರ ಮಾಡುತ್ತದೆ. ಹಾಗಾಗಿ ಹೆರಾಯಿನ್ ಬಿಟ್ಟಾಗ ಬರುವ ಮೈಕೈ ನೋವು, ಬೆವರು, ಭೇದಿ, ಬೇಕೇಬೇಕು ಅನ್ನುವ ಚಡಪಡಿಕೆ ಎಲ್ಲ ತಗ್ಗುತ್ತದೆ. ದೇಹಕ್ಕೆ ಅಭ್ಯಾಸ ಆಗುತ್ತದೆ, ನಿಜ. ಬಿಪಿ ಮಾತ್ರೆ ವರ್ಷಗಟ್ಟಲೆ ತಗೊಂಡರೆ ಯಾರೂ ಚಟ ಅನ್ನಲ್ಲ, ಅಲ್ವಾ? ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲೇ ಇದನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದೆ.

ಜಾಸ್ತಿ ಅಪಾಯ ಇರುವುದು ಸುಮ್ನೆ ನಿಲ್ಲಿಸುವುದರಲ್ಲಿ. ಬಿಟ್ಟ ಕೆಲವೇ ವಾರಗಳಲ್ಲಿ ಹೆರಾಯಿನ್ ತಡೆದುಕೊಳ್ಳುವ ದೇಹದ ಶಕ್ತಿ ಇಳಿದಿರುತ್ತದೆ, ಆಗ ಹಳೇ ಅಳತೆಯಲ್ಲೇ ಹೆರಾಯಿನ್ ತಗೊಂಡರೆ ಉಸಿರೇ ನಿಲ್ಲಬಹುದು. ಕಮ್ಮಿ ಮಾಡಲೇಬೇಕಿದ್ದರೆ ಡಾಕ್ಟರ್ ಜೊತೆ ಕೂತು, ತಿಂಗಳುಗಟ್ಟಲೆ, ನಿಧಾನವಾಗಿ.