ಕೋಳಿ ಯಾವ ಕಾಲಂನದು?

ಬೆಳಿಗ್ಗೆ ಆರೂವರೆಗೆ ಹುಬ್ಬಳ್ಳಿಯ ಉಣಕಲ್ ಕೆರೆ ದಂಡೆಯಲ್ಲಿ ನಾಲ್ಕು ಜನ ನಿಂತು ಜಗಳ ಆಡುತ್ತಿದ್ದರೆ, ಮೊದಲೆಲ್ಲ ಅದು ಸೈಟಿನ ವಿಷಯ ಆಗಿರುತ್ತಿತ್ತು, ಇಲ್ಲವೇ ಇಲೆಕ್ಷನ್ನಿನದು. ಈಗ ಕೋಳಿಯ ಎದೆ ಮಾಂಸದ್ದು. ಅದು ಪ್ರೋಟೀನೋ, ಫ್ಯಾಟೋ?

ಆ ನಾಲ್ವರಲ್ಲಿ ನಾನೂ ಒಬ್ಬ. ಎಲ್ಲರದೂ ಲೋ ಕಾರ್ಬ್ ಡಯೆಟ್, ಅಂದರೆ ಅನ್ನ, ರೊಟ್ಟಿ, ಸಿಹಿಗೆ ಕತ್ತರಿ. ಎಲ್ಲರ ಜೇಬಿನಲ್ಲೂ ಒಂದೊಂದು ಚಾರ್ಟ್, ಚಾರ್ಟಿನಲ್ಲಿ ಮೂರು ಕಾಲಂ: ಕಾರ್ಬ್, ಪ್ರೋಟೀನ್, ಫ್ಯಾಟ್. ಕಾರ್ಬ್ ಕಾಲಂ ಬಗ್ಗೆ ತಕರಾರಿಲ್ಲ. ಜೋಳದ ರೊಟ್ಟಿ, ಅನ್ನ, ಗಿರ್ಮಿಟ್, ಪೇಡೆ ಎಲ್ಲವನ್ನೂ ಅದರೊಳಗೆ ತುಂಬಿ ಕೀಲಿ ಹಾಕಿಯಾಗಿದೆ. ನೂರು ಗ್ರಾಂ ಜೋಳದಲ್ಲೂ ಸುಮಾರು ಹತ್ತು ಗ್ರಾಂ ಪ್ರೋಟೀನ್ ಇರುತ್ತೆ ಅಂತ ಒಮ್ಮೆ ಬಾಯಿಬಿಟ್ಟೆ. ಮದುವೆ ಮನೆಯಲ್ಲಿ ಹಳೇ ಸಾಲ ಕೇಳಿದವನನ್ನು ನೋಡುವ ಹಾಗೆ ಮೂವರೂ ನೋಡಿದರು.

ಗದ್ದಲವೆಲ್ಲ ಉಳಿದ ಎರಡು ಕಾಲಂಗಳದ್ದು. ನಮ್ಮಲ್ಲಿ ಒಬ್ಬರು ಬ್ಯಾಂಕಿನಿಂದ ರಿಟೈರ್ ಆದವರು. "ಒಂದು ಎಂಟ್ರಿ ಎರಡು ಕಡೆ ಬರಂಗಿಲ್ರಿ. ಇತ್ಲಾಗರ ಬರೀರಿ, ಇಲ್ಲಾ ಅತ್ಲಾಗರ ಬರೀರಿ" ಅನ್ನುವುದು ಅವರ ಪಟ್ಟು. ಜಿಮ್ಮಿಗೆ ಹೋಗುವ ಹುಡುಗ "ಕಾಕಾ, ಚಿಕನ್ ಅಂದ್ರ ಪ್ಯೂರ್ ಪ್ರೋಟೀನ್" ಅಂತ ತೋಳು ಮಡಚಿ ತೋರಿಸುತ್ತಾನೆ. ಮೂರನೆಯವರ ಚಾರ್ಟಿನಲ್ಲಿ ಮಾಂಸ ಪೂರ್ತಿ ಫ್ಯಾಟ್ ಕಾಲಂನಲ್ಲಿದೆ. ಅವರು ಆ ಚಾರ್ಟಿಗೆ ಎಲ್ಲರಿಗಿಂತ ಜಾಸ್ತಿ ರೊಕ್ಕ ಕೊಟ್ಟವರು. ಹಾಗಾಗಿ ಅದು ತಪ್ಪಾಗಿರಲು ಸಾಧ್ಯವೇ ಇಲ್ಲ.

ಕೋಳಿಯನ್ನೇ ಕೇಳೋಣ ಅಂದರೆ ಅದು ಲೆಕ್ಕ ಇಟ್ಟಿಲ್ಲ. ಚರ್ಮ ತೆಗೆದು ಬೇಯಿಸಿದ 100 ಗ್ರಾಂ ಎದೆ ಮಾಂಸದಲ್ಲಿ ಪ್ರೋಟೀನ್ ಸುಮಾರು 31 ಗ್ರಾಂ, ಕೊಬ್ಬು ಮೂರೂವರೆ ಗ್ರಾಂ. ಉಳಿದದ್ದು ಹೆಚ್ಚೂಕಡಿಮೆ ಬರೀ ನೀರು. ಬಹುಮತ ನೋಡಿದರೆ ಕೋಳಿ ನೀರಿನ ಕಾಲಂಗೆ ಹೋಗಬೇಕು. ನಲ್ಲಿ ನೀರಿಗೆ ದಿನ ಎಣಿಸುವ ಹುಬ್ಬಳ್ಳಿಯಲ್ಲಿ ಆ ಕಾಲಂ ತೆರೆಯುವ ಧೈರ್ಯ ಯಾರಿಗಿದೆ?

ಅಮೆರಿಕದವರು 1950ರಲ್ಲೇ ಸಕ್ಕರೆ ಕಾಯಿಲೆಯವರಿಗೆ ಅಂತ ಊಟದ ಪಟ್ಟಿ ಮಾಡಿದ್ದರು. ಮುಂದೆ ಅದರಲ್ಲಿ ಮಾಂಸಕ್ಕೂ ಕಡಿಮೆ ಕೊಬ್ಬಿನದು, ನಡುವಿನದು, ಜಾಸ್ತಿ ಕೊಬ್ಬಿನದು ಅಂತ ಮೂರು ಪಂಕ್ತಿ ಹಾಕಿದರು. ಕಡಿಮೆ ಕೊಬ್ಬಿನ ಒಂದು ಔನ್ಸ್, ಅಂದರೆ 28 ಗ್ರಾಂ ಮಾಂಸಕ್ಕೆ ಅವರು ಹಿಡಿದದ್ದು 7 ಗ್ರಾಂ ಪ್ರೋಟೀನ್, 3 ಗ್ರಾಂ ಕೊಬ್ಬು. ಪ್ರೋಟೀನ್ ಗೆದ್ದಿತು ಅಂತ ಈಗಲೇ ಪಟಾಕಿ ಹಚ್ಚಬೇಡಿ. ಪ್ರೋಟೀನಿಗೆ ಗ್ರಾಮಿಗೆ 4 ಕ್ಯಾಲರಿ, ಕೊಬ್ಬಿಗೆ 9. ಗುಣಿಸಿ ನೋಡಿ. ಅಲ್ಲಿ 28, ಇಲ್ಲಿ 27. ಒಂದೇ ವೋಟಿನ ಅಂತರ! ಬ್ಯಾಂಕಿನ ಸರ್ ಅಲ್ಲೇ ಮರುಎಣಿಕೆ ಕೇಳಿದರು. ಪಟ್ಟಿ ಮಾಡಿದವರು ಎರಡನ್ನೂ ಪಕ್ಕಪಕ್ಕ ಬರೆದು ಸುಮ್ಮನಾಗಿದ್ದರು ಅಂದೆ. ಅದು ಅವರಿಗೆ ಹಿಡಿಸಲಿಲ್ಲ. 1962ರಲ್ಲಿ ಹುಬ್ಬಳ್ಳಿಗೂ ಧಾರವಾಡಕ್ಕೂ ಸೇರಿಸಿ ಒಂದೇ ಪಾಲಿಕೆ ಮಾಡಿದ ಊರಿನ ಮನುಷ್ಯನಿಗೆ, ಒಂದು ತುಂಡು ಮಾಂಸದಲ್ಲಿ ಎರಡು ಪದಾರ್ಥ ಇದ್ದರೆ ತಡೆಯುವುದಿಲ್ಲ.

ಇದರಲ್ಲಿ ನನ್ನ ಪಾಲಿನ ಮೂರ್ಖತನವೂ ಇದೆ. ಕಳೆದ ರವಿವಾರ ಚಿಕನ್ ಅಂಗಡಿಗೆ ಹೋಗಿ "ತಮ್ಮಾ, ಸ್ಕಿನ್‌ಲೆಸ್ ಕೊಡು, ಒಂದು ಚೂರು ಕೊಬ್ಬು ಇರಬಾರದು" ಅಂದೆ. ಹುಡುಗ ಚರ್ಮವನ್ನು ಬನಿಯನ್ ಕಳಚಿದಂತೆ ಎಳೆದ. ಅದರ ಜೊತೆ ಬಂದ ಹಳದಿ ಕೊಬ್ಬನ್ನೂ ಬಕೆಟ್ಟಿಗೆ ಎಸೆದ. ಸ್ಕಿನ್‌ಲೆಸ್‌ಗೆ ಕಿಲೋಗೆ ರೇಟು ಬೇರೆ ಜಾಸ್ತಿ. ಮನೆಗೆ ಬಂದು ಚಾರ್ಟ್ ತೆಗೆದರೆ ಫ್ಯಾಟ್ ಕಾಲಂ ಖಾಲಿ. ಕೆಳಗೆ ಬರೆದಿದೆ: ಎರಡು ಚಮಚ ತುಪ್ಪ ಸೇರಿಸಿ. ಸೇರಿಸಲೇಬೇಕು. ಅನ್ನ ರೊಟ್ಟಿ ಬಿಟ್ಟ ಮೇಲೆ ಮೈಗೆ ಕಸುವು ಬರಬೇಕಾದದ್ದೇ ಕೊಬ್ಬಿನಿಂದ. ಹೆಂಡತಿ ತುಪ್ಪದ ಡಬ್ಬಿ ಕೈಯಲ್ಲಿ ಹಿಡಿದೇ ಕೇಳಿದಳು, "ಕೊಬ್ಬು ತಗಿಯಾಕೂ ರೊಕ್ಕ, ಹಾಕಾಕೂ ರೊಕ್ಕ. ಈ ಕೊಬ್ಬು ಯಾರದ್ರೀ, ಕೋಳೀದೋ ನಿಮ್ದೋ?"

ಹಾಗಂತ ಗ್ರಾಂ ಲೆಕ್ಕವೇ ಸುಳ್ಳು ಅಂತಲ್ಲ. ಕೀಟೋ ಊಟವನ್ನು, ಅಂದರೆ ಕಾರ್ಬ್ ಬಹಳ ಕಡಿಮೆ, ಕೊಬ್ಬು ಜಾಸ್ತಿ ಇರುವ ಊಟವನ್ನು, 1921ರಲ್ಲಿ ರಸೆಲ್ ವೈಲ್ಡರ್ ಎಂಬ ಡಾಕ್ಟರು ಸೂಚಿಸಿದ್ದು ಮೂರ್ಛೆ ರೋಗಕ್ಕೆ. ಅಲ್ಲಿ ತೂಗಿ ಉಣ್ಣಿಸುವುದಕ್ಕೆ ಅರ್ಥ ಇತ್ತು. ನಮ್ಮ ರೋಗ ಬೇರೆ, ಸಂಜೆ ದುರ್ಗದಬೈಲಿನ ಮಿರ್ಚಿ ಭಜಿ.

ಕೊನೆಗೆ ತೀರ್ಮಾನಕ್ಕೆ ಅಂತ ಒಂದು ಸಾವಜಿ ಖಾನಾವಳಿಗೆ ಹೋದೆವು. ಮಟನ್ ಪ್ರೋಟೀನೋ ಫ್ಯಾಟೋ ಅಂತ ಮಾಲಕರನ್ನೇ ಕೇಳಿದೆವು. "ನಮ್ಮಲ್ಲಿ ಎರಡ ಅದಾವ್ರಿ, ಸುಕ್ಕಾ ಮತ್ತ ರಸ್ಸಾ" ಅಂದರು. ಬ್ಯಾಂಕಿನ ಸರ್ ಸುಕ್ಕಾ ಹೇಳಿದರು, ಜೊತೆಗೆ ಒಂದು ಗ್ಲಾಸ್ ಬಿಸಿನೀರು. ತುಂಡು ಬಂದ ಮೇಲೆ ಒಂದೊಂದನ್ನೇ ನೀರಿನಲ್ಲಿ ಅದ್ದಿ, ಅಲುಗಿಸಿ, ತೆಗೆದು ತಟ್ಟೆಯ ಅಂಚಿಗೆ ಸಾಲಾಗಿ ಇಟ್ಟರು. ಗ್ಲಾಸಿನ ಮೇಲೆ ಕೆಂಪನೆ ಎಣ್ಣೆ ತೇಲಿತು. ಈಗ ಇದು ಪ್ರೋಟೀನ್ ಅಂದರು. ಆಮೇಲೆ ಜೇಬಿನಿಂದ ಸಣ್ಣ ಸ್ಟೀಲ್ ಡಬ್ಬಿ ತೆಗೆದು, ಅದೇ ತುಂಡುಗಳ ಮೇಲೆ ಎರಡು ಚಮಚ ತುಪ್ಪ ಸುರಿದುಕೊಂಡರು.

ಹೆಗಲ ಮೇಲಿನ ಟಾವೆಲ್ ಕೈಗೆ ತೆಗೆದುಕೊಂಡು ಮಾಲಕರು ಹತ್ತಿರ ಬಂದರು. ಗ್ಲಾಸ್ ನೋಡಿದರು, ಡಬ್ಬಿ ನೋಡಿದರು.

"ಸರ, ನಮ್ಮ ಎಣ್ಣಿ ಏನ್ ತಪ್ಪು ಮಾಡೈತ್ರಿ?"